ಬ್ಯಾಡಗಿಯಿಂದ ಕೊಚ್ಚಿಯ ನೀರಿನ ದಂಡೆಗೆ: ವ್ಯಾಪಾರಕ್ಕೆ ಹೋಗಿ ದೊಡ್ಡ ಹೋಟೆಲಿನಲ್ಲಿ ಇಳಿಯುವುದು ಹೇಗೆ? ಹಂತ ಹಂತವಾಗಿ

ಬ್ಯಾಡಗಿ ಮಾರುಕಟ್ಟೆಯಿಂದ ಲಾರಿ ಹತ್ತುವ ಮೆಣಸಿನಕಾಯಿ ಚೀಲಗಳಲ್ಲಿ ಒಂದು ಪಾಲು ಯಾರ ಒಗ್ಗರಣೆಗೂ ಹೋಗುವುದಿಲ್ಲ. ಅದು ಕೇರಳದ ಕಾರ್ಖಾನೆ ಸೇರಿ, ಅಲ್ಲಿ ಬಣ್ಣವಾಗಿ ಇಳಿದು, ಓಲಿಯೋರೆಸಿನ್ ಎಂಬ ಗಟ್ಟಿ ರಸದ ರೂಪದಲ್ಲಿ ಡಬ್ಬಿ ಸೇರುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಕಾಯಿಗೆ ಖಾರ ಕಡಿಮೆ, ಕೆಂಪು ಹೆಚ್ಚು. ಕಾರ್ಖಾನೆಗೆ ಬೇಕಾಗಿರುವುದು ಆ ಕೆಂಪೇ. ಇಂಥ ಕೆಲಸದ ದೊಡ್ಡ ಹೆಸರುಗಳಲ್ಲಿ ಒಂದಾದ ಸಿಂಥೈಟ್ 1972ರಲ್ಲಿ ಶುರುವಾದದ್ದು ಕೊಚ್ಚಿಯ ಪೂರ್ವಕ್ಕಿರುವ ಕೋಲಂಚೇರಿ ಬಳಿಯ ಕಡಯಿರುಪ್ಪಿನಲ್ಲಿ. ಕೇಂದ್ರ ಸರ್ಕಾರದ ಸಾಂಬಾರ ಪದಾರ್ಥಗಳ ಮಂಡಳಿಯ ಮುಖ್ಯ ಕಚೇರಿ ಇರುವುದು ಕೊಚ್ಚಿಯ ಪಾಲಾರಿವಟ್ಟಂನಲ್ಲಿ. ರಫ್ತಿನ ನೋಂದಣಿಯೂ ಅದೇ ಮಂಡಳಿಯದು, ಕಾಯಿ ಪರೀಕ್ಷಿಸುವ ಪ್ರಯೋಗಾಲಯವೂ ಅದೇ ಊರಿನಲ್ಲಿದೆ.

ಹೀಗಾಗಿ ಬ್ಯಾಡಗಿಯ ವರ್ತಕರಿರಲಿ, ರಾಣೆಬೆನ್ನೂರಿನಲ್ಲಿ ಖಾರಪುಡಿ ಗಿರಣಿ ಇಟ್ಟವರಿರಲಿ, ಹಾವೇರಿ ಕಡೆಯ ರೈತ ಉತ್ಪಾದಕ ಸಂಸ್ಥೆಯ ಹುಡುಗ ಹುಡುಗಿಯರಿರಲಿ, ಒಂದಲ್ಲ ಒಂದು ದಿನ ಕೊಚ್ಚಿಗೆ ಹೋಗಲೇಬೇಕಾಗುತ್ತದೆ. ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜು ನಮಗೆ ಹೊಸದಲ್ಲ. ಹಿನ್ನೀರಿನ ದಂಡೆಯ ಹತ್ತಂತಸ್ತಿನ ಹೋಟೆಲು ಹೊಸದು. ಅದು ಖರೀದಿದಾರರನ್ನು ಕೂರಿಸಿ ಮಾತಾಡುವ ಜಾಗ, ಸ್ಯಾಂಪಲ್ ಬಿಚ್ಚಿ ತೋರಿಸುವ ಜಾಗ. ಅದನ್ನು ಅಂಗಡಿಯಷ್ಟೇ ಎಚ್ಚರದಿಂದ ಆರಿಸಬೇಕು, ಬಳಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಸಲ ಹೊರಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಕೋಣೆಗಿಂತ ಮೊದಲು ವಾರ ಗೊತ್ತುಮಾಡಿ

ಬ್ಯಾಡಗಿಯಲ್ಲಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಸೋಮವಾರದ ವ್ಯಾಪಾರ ಮುಗಿಸಿ ರಾತ್ರಿ ಹೊರಡುವುದು ಒಳ್ಳೆಯದು. ಆಗ ಆ ದಿನದ ದರ ನಿಮ್ಮ ಬಾಯಲ್ಲೇ ಇರುತ್ತದೆ, ಎದುರು ಕೂತವರಿಗೂ ಅದು ಗೊತ್ತಿರುತ್ತದೆ. ಮಾತು ಆಧಾರದ ಮೇಲೆ ನಡೆಯುತ್ತದೆ. ಬುಧವಾರ ಇಡೀ ದಿನ ಕೊಚ್ಚಿಯ ಕೆಲಸಕ್ಕಿಡಿ. ಗುರುವಾರದ ಟೆಂಡರನ್ನು ತಮ್ಮನಿಗೋ ಅಂಗಡಿಯ ಗುಮಾಸ್ತರಿಗೋ ಒಪ್ಪಿಸಿ ಹೊರಡಿ. ಶನಿವಾರ, ಭಾನುವಾರ ಅಲ್ಲಿ ಸಿಕ್ಕಿಬಿದ್ದರೆ ಕಚೇರಿಗಳೂ ಮುಚ್ಚಿರುತ್ತವೆ, ಕೋಣೆಯ ಬಾಡಿಗೆಯೂ ಏರಿರುತ್ತದೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ಹಳಿಯ ಮೇಲಿವೆ. ಬೆಂಗಳೂರಿನಿಂದ ಮುಂದಕ್ಕೆ ಹಗಲು ಗಾಡಿಯೂ ಉಂಟು, ರಾತ್ರಿ ಗಾಡಿಯೂ ಉಂಟು. ಹಗಲಿನವು, ಅಂದರೆ ಎರ್ನಾಕುಲಂ ಇಂಟರ್‌ಸಿಟಿ ಮತ್ತು 2025ರ ನವೆಂಬರ್‌ನಲ್ಲಿ ಶುರುವಾದ ವಂದೇ ಭಾರತ್, ನಸುಕಿನಲ್ಲೇ ಹೊರಡುತ್ತವೆ. ನಮ್ಮ ಕಡೆಯ ರಾತ್ರಿ ಗಾಡಿ ಸ್ವಲ್ಪ ತಡವಾದರೂ ಅವು ತಪ್ಪುತ್ತವೆ. ಆದ್ದರಿಂದ ಮಂಗಳವಾರ ಬೆಂಗಳೂರಿನಲ್ಲಿ ಏನಾದರೂ ಕೆಲಸ ಇಟ್ಟುಕೊಂಡು, ಸಂಜೆ ಕನ್ಯಾಕುಮಾರಿ ಕಡೆಯ ಗಾಡಿ ಹಿಡಿದು ಬುಧವಾರ ಬೆಳಗ್ಗೆ ಇಳಿಯುವುದು ನಿಶ್ಚಿಂತೆ. ಹುಬ್ಬಳ್ಳಿಯಿಂದ ತಿರುವನಂತಪುರ ಕಡೆಗೆ ವಾರಕ್ಕೊಮ್ಮೆ ಹೋಗುವ ನೇರ ಗಾಡಿಯೂ ಹಾವೇರಿ ಮೇಲಿಂದಲೇ ಸಾಗಿ ಎರ್ನಾಕುಲಂ ಮುಟ್ಟುತ್ತದೆ. ಅದರ ವಾರ ನಿಮಗೆ ಹೊಂದುವುದೋ ನೋಡಿ. ಟಿಕೆಟ್ ತೆಗೆಯುವಾಗ ಒಂದು ಸಂಗತಿ ನೆನಪಿರಲಿ: ಎರ್ನಾಕುಲಂನಲ್ಲಿ ಜಂಕ್ಷನ್ ಬೇರೆ, ಟೌನ್ ಬೇರೆ. ಊರಿನವರು ಅವನ್ನು ಸೌತ್, ನಾರ್ತ್ ಎಂದು ಕರೆಯುತ್ತಾರೆ. ಯಾವುದರಲ್ಲಿ ಇಳಿಯುತ್ತೀರೋ ಅದನ್ನು ಹೋಟೆಲಿನವರಿಗೆ ಹೇಳಿಡಿ.

ಡಿಸೆಂಬರ್ ಕೊನೆಯ ವಾರವನ್ನು ಬಿಟ್ಟುಬಿಡಿ. ಫೋರ್ಟ್ ಕೊಚ್ಚಿಯಲ್ಲಿ ಹೊಸ ವರ್ಷದ ಕಾರ್ನಿವಲ್ ನಡೆಯುವ ಹೊತ್ತದು, ಕೋಣೆ ಸಿಗುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬಾಡಿಗೆ ಇಳಿದಿರುತ್ತದೆ, ಆದರೆ ಒಣ ಸ್ಯಾಂಪಲ್ ಹೊತ್ತು ಹೋಗುವವರಿಗೆ ಆ ಗಾಳಿ ಒಳ್ಳೆಯದಲ್ಲ.

ಹಂತ 2: ಯಾವ ದಂಡೆ?

ಕೊಚ್ಚಿಗೆ ದಂಡೆ ಒಂದಲ್ಲ, ಹಲವು.

ಎರ್ನಾಕುಲಂನ ಮರೀನ್ ಡ್ರೈವ್ ಹೈಕೋರ್ಟಿನ ಹತ್ತಿರ, ಪೇಟೆಯ ನಡುವೆ ಇದೆ. ನೀರಿನಂಚಿನ ನಡೆದಾರಿಯಲ್ಲಿ ವಾಹನಗಳಿಲ್ಲ. ಎದುರಿಗೆ ಹಡಗುಗಳು ಹಾಯುತ್ತವೆ. ವಿಲಿಂಗ್ಡನ್ ದ್ವೀಪ ಬಂದರಿನ ಹೂಳು ಎತ್ತಿ ಹಾಕಿ ಮಾಡಿದ ನೆಲ. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಕೆಲಸ ಅದು. ಹಳೆಯ ಮಲಬಾರ್ ಹೋಟೆಲು, ಈಗಿನ ತಾಜ್ ಮಲಬಾರ್, ಇರುವುದು ಅಲ್ಲೇ. ಬೋಳ್ಗಾಟ್ಟಿ ದ್ವೀಪದಲ್ಲಿ ಡಚ್ಚರು 1744ರಲ್ಲಿ ಕಟ್ಟಿದ ಅರಮನೆಯನ್ನು ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹೋಟೆಲಾಗಿ ನಡೆಸುತ್ತಿದೆ. ಇನ್ನು ಫೋರ್ಟ್ ಕೊಚ್ಚಿ, ಚೀನಾ ಬಲೆಗಳ ದಂಡೆ.

ವ್ಯಾಪಾರಕ್ಕೆ ಹೋಗುವವರು ಮರೀನ್ ಡ್ರೈವನ್ನೇ ಆರಿಸಿ ಎಂಬುದು ನನ್ನ ಮಾತು. ಕೋಲಂಚೇರಿ ಪೂರ್ವಕ್ಕಿದೆ, ಫೋರ್ಟ್ ಕೊಚ್ಚಿ ಪಶ್ಚಿಮದ ತುದಿ. ಅಲ್ಲಿ ಇಳಿದರೆ ದಿನಾಲೂ ಇಡೀ ಊರಿನ ಟ್ರಾಫಿಕ್ ದಾಟಿ ಕಾರ್ಖಾನೆ ಮುಟ್ಟಬೇಕು. ಮರೀನ್ ಡ್ರೈವಿನಿಂದ ಪಾಲಾರಿವಟ್ಟಂಗೆ ಹೋಗುವುದು ಸಲೀಸು, ಎರಡೂ ರೈಲು ನಿಲ್ದಾಣ ಹತ್ತಿರ. ಬಂದರಿನಲ್ಲಿ ಕೆಲಸ ಇದ್ದರೆ ವಿಲಿಂಗ್ಡನ್. ನಿಮ್ಮ ಕೆಲಸ ಅಂಗಮಾಲಿ ಕಡೆಯ ಕಾರ್ಖಾನೆಯಲ್ಲಿ ಮಾತ್ರ ಇದ್ದರೆ ನೀರಿನ ದಂಡೆಯ ಆಸೆ ಬಿಡಿ; ನೆಡುಂಬಾಶ್ಶೇರಿ ವಿಮಾನ ನಿಲ್ದಾಣದ ಹತ್ತಿರವೇ ಉಳಿಯುವುದು ವಾಸಿ.

ಹಂತ 3: ಕಾಯ್ದಿರಿಸುವಾಗ ಕೇಳಬೇಕಾದ್ದು

ಒಂದೇ ಹೋಟೆಲಿನಲ್ಲಿ ನೀರು ಕಾಣುವ ಕೋಣೆಗೆ ಒಂದು ದರ, ಊರು ಕಾಣುವ ಕೋಣೆಗೆ ಇನ್ನೊಂದು. ಖರೀದಿದಾರರು ನಿಮ್ಮ ಕೋಣೆಗೇ ಬಂದು ಸ್ಯಾಂಪಲ್ ನೋಡುವುದಿದ್ದರೆ ನೀರಿನ ಕಡೆಯದನ್ನು ತೆಗೆದುಕೊಳ್ಳಿ, ಕಾರಣ ಮುಂದೆ ಹೇಳುತ್ತೇನೆ. ಬರೀ ಮಲಗಲು ಆದರೆ ಊರ ಕಡೆಯದೇ ಸಾಕು. ಫೋನಿನಲ್ಲಿ ನೇರವಾಗಿ ಕೇಳಿ: ಕಿಟಕಿಗೂ ನೀರಿಗೂ ನಡುವೆ ಬೇರೆ ಕಟ್ಟಡ ಇದೆಯೇ? ಎಷ್ಟನೇ ಅಂತಸ್ತು? ಬರೆಯುವ ಮೇಜು ಇದೆಯೇ? ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯೇ? ಬಾಡಿಗೆ ಪಟ್ಟಿಯಲ್ಲಿ ಇಪಿ ಎಂದಿದ್ದರೆ ಬರೀ ಕೋಣೆ, ಸಿಪಿ ಎಂದಿದ್ದರೆ ತಿಂಡಿ ಸಮೇತ.

ಫೋನ್ ನಂಬರನ್ನು ಹೋಟೆಲಿನ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಿ. ಹುಡುಕಿದಾಗ ಮೊದಲು ಕಂಡ ನಂಬರಿಗೆ ಕರೆ ಮಾಡಿ, ಅವರು ಹೇಳಿದ ಯುಪಿಐಗೆ ಮುಂಗಡ ಹಾಕಿ ಹಣ ಕಳೆದುಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ. ಯುಪಿಐ ಪರದೆಯಲ್ಲಿ ಹೋಟೆಲಿನ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ.

ತೆರಿಗೆಯ ಲೆಕ್ಕ ಮೊದಲೇ ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5 ಜಿಎಸ್‌ಟಿ, ಅದಕ್ಕೂ ಮೇಲಿನದಕ್ಕೆ ಶೇ 18. ಅಂದರೆ 7,400ರ ಕೋಣೆಗೂ 7,800ರ ಕೋಣೆಗೂ ನಡುವಿನ ಅಂತರ ಬರೀ 400 ರೂಪಾಯಿ ಅಲ್ಲ. ಮೊದಲನೆಯದು 7,770ಕ್ಕೆ ನಿಂತರೆ ಎರಡನೆಯದು 9,204 ಆಗುತ್ತದೆ. ಗಡಿಯ ಹತ್ತಿರದ ದರ ಹೇಳಿದರೆ ಚೌಕಾಸಿ ಮಾಡಿ ಕೆಳಗಿಳಿಸಿ.

ಅಂಗಡಿಯ ಜಿಎಸ್‌ಟಿ ನಂಬರು ಕೊಟ್ಟರೆ ಈ ತೆರಿಗೆ ವಾಪಸು ಬರುತ್ತದೆ ಎಂದು ಹಲವರು ನಂಬಿದ್ದಾರೆ. ಬರುವುದಿಲ್ಲ. ಹೋಟೆಲು ಯಾವ ರಾಜ್ಯದಲ್ಲಿದೆಯೋ ಸೇವೆಯೂ ಅಲ್ಲೇ ಸಂದಾಯವಾಯಿತೆಂದು ಕಾನೂನು ಎಣಿಸುತ್ತದೆ. ಬಿಲ್ಲಿನಲ್ಲಿ ಕೇಂದ್ರದ ಪಾಲಿನ ಜೊತೆ ಕೇರಳದ ಪಾಲು ಇರುತ್ತದೆ, ಕರ್ನಾಟಕದ ನೋಂದಣಿಗೆ ಆ ಕ್ರೆಡಿಟ್ ದಕ್ಕದು. ಆದ್ದರಿಂದ ತೆರಿಗೆಯನ್ನೂ ಖರ್ಚಿಗೇ ಸೇರಿಸಿ ಬಜೆಟ್ ಹಾಕಿ. ಹಾಗೆಂದು ನಂಬರು ಕೊಡದೆ ಇರಬೇಡಿ. ಅಂಗಡಿ ಹೆಸರಿನ ಬಿಲ್ಲು ಆದಾಯ ತೆರಿಗೆಯ ಲೆಕ್ಕಕ್ಕೆ ಬೇಕೇ ಬೇಕು.

ಹಂತ 4: ಸ್ಯಾಂಪಲ್ ಕಟ್ಟುವುದು

ಇಡೀ ಪ್ರಯಾಣದಲ್ಲಿ ಹೆಚ್ಚು ಜೋಪಾನ ಬೇಕಾದ ಹಂತ ಇದು. ನೀರಿನ ದಂಡೆಯ ಗಾಳಿ ಒಣ ಮೆಣಸಿನಕಾಯಿಗೆ ಶತ್ರು. ಬ್ಯಾಡಗಿಯ ಬಯಲಿನಲ್ಲಿ ಗಲಗಲ ಎನ್ನುತ್ತಿದ್ದ ಕಾಯಿ ಕೊಚ್ಚಿಯ ಗಾಳಿಗೆ ಒಂದು ರಾತ್ರಿ ತೆರೆದಿದ್ದರೆ ಸಾಕು, ಮೆತ್ತಗಾಗಿರುತ್ತದೆ. ಮರುದಿನ ತೇವಾಂಶ ಅಳೆಯುವ ಯಂತ್ರಕ್ಕೆ ಹಾಕಿದಾಗ ಬರುವ ಅಂಕಿ ನಿಮ್ಮ ಗೋದಾಮಿನ ಮಾಲಿನದಲ್ಲ, ಹೋಟೆಲ್ ಕೋಣೆಯದು. ಆದರೆ ಖರೀದಿದಾರರು ದರ ಮುರಿಯುವುದು ಆ ಅಂಕಿ ಹಿಡಿದೇ. ತೇವ ಹೆಚ್ಚಿದರೆ ಬೂಷ್ಟು, ಬೂಷ್ಟಿನಿಂದ ಅಫ್ಲಟಾಕ್ಸಿನ್. ಯುರೋಪಿಗೆ ಹೋಗುವ ಒಣ ಮೆಣಸಿನಕಾಯಿಯಲ್ಲಿ ಅಫ್ಲಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ ಮೀರುವಂತಿಲ್ಲ, ಎಲ್ಲ ಬಗೆಯೂ ಸೇರಿ 10 ಮೀರುವಂತಿಲ್ಲ. ಖರೀದಿದಾರರು ತೇವಕ್ಕೆ ಅಷ್ಟು ಹೆದರುವುದು ಇದೇ ಕಾರಣಕ್ಕೆ.

ಹೀಗೆ ಮಾಡಿ. ಪ್ರತಿ ಲಾಟಿನ ಸ್ಯಾಂಪಲನ್ನು ಮೂರು ಸಣ್ಣ ಪಾಕೀಟು ಮಾಡಿ: ಒಂದು ಖರೀದಿದಾರರ ಕೈಗೆ, ಒಂದು ಪ್ರಯೋಗಾಲಯಕ್ಕೆ, ಒಂದು ಬಿಚ್ಚದೆ ನಿಮ್ಮಲ್ಲೇ. ಗಾಳಿಯಾಡದ ದಪ್ಪ ಪಾಲಿಥಿನ್ ಚೀಲಕ್ಕೆ ಹಾಕಿ ಬಾಯಿ ಬೆಸೆಯಿರಿ. ಅದರ ಮೇಲೆ ಬೆಳಕು ತಾಗದಂತೆ ಕಂದು ಕಾಗದದ ಲಕೋಟೆ. ಮೆಣಸಿನ ಕೆಂಪು ಬಿಸಿಲಿಗೂ ಬಿಸಿಗೂ ಪೇಲವವಾಗುತ್ತದೆ. ಲಕೋಟೆಯ ಮೇಲೆ ಕಾಯಿ ಡಬ್ಬಿ ಬಗೆಯದೋ ಕಡ್ಡಿ ಬಗೆಯದೋ, ತೊಟ್ಟು ಇದೆಯೋ ಬಿಡಿಸಿದ್ದೋ, ಲಾಟ್ ನಂಬರು, ಕಟ್ಟಿದ ತಾರೀಕು, ಅವತ್ತಿನ ತೇವಾಂಶ, ಇಷ್ಟನ್ನೂ ಬರೆಯಿರಿ. ಬಣ್ಣದ ಪರೀಕ್ಷೆ ಮಾಡಿಸಿದ್ದರೆ ಆಸ್ಟಾ ಅಂಕಿಯನ್ನೂ ಬರೆಯಿರಿ. ಕಾರ್ಖಾನೆಯವರು ಬಣ್ಣ ಅಳೆಯುವುದು ಅದೇ ಮಾಪನದಲ್ಲಿ.

ಕೋಲ್ಡ್ ಸ್ಟೋರೇಜಿನಿಂದ ತೆಗೆದ ಮಾಲಾದರೆ ಹೊರಡುವ ಹಿಂದಿನ ದಿನವೇ ತೆಗೆದು, ಚೀಲ ಬಿಚ್ಚದೆ, ಅದರ ತಣ್ಣನೆ ಹೋಗುವವರೆಗೆ ಬಿಡಿ. ತಣ್ಣಗಿನ ಕಾಯಿಗೆ ಬೆಚ್ಚನೆ ಗಾಳಿ ತಾಗಿದರೆ ಮೈಯೆಲ್ಲ ಬೆವರುತ್ತದೆ.

ವಿಮಾನದಲ್ಲಿ ಹೋಗುವವರು ಕಾಯಿಯನ್ನೂ ಪುಡಿಯನ್ನೂ ಕೈಚೀಲದಲ್ಲಿ ಇಡಬೇಡಿ. ತಪಾಸಣೆಯವರು ತೆಗೆಸುತ್ತಾರೆ. ದೊಡ್ಡ ಲಗೇಜಿಗೆ ಹಾಕಿ.

ಹಂತ 5: ಇಳಿದ ದಿನ

ನಮ್ಮ ಕಡೆಯ ಎಷ್ಟೋ ಲಾಡ್ಜುಗಳಲ್ಲಿ ಕೋಣೆ ಹಿಡಿದ ಗಂಟೆಯಿಂದ 24 ಗಂಟೆ ಲೆಕ್ಕ. ದೊಡ್ಡ ಹೋಟೆಲಿನಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೆ ಕೋಣೆ ಸಿಗುತ್ತದೆ, ಮರುದಿನ ಬೆಳಗ್ಗೆ 11 ಅಥವಾ 12ಕ್ಕೆ ಬಿಡಬೇಕು. ರಾತ್ರಿ ಗಾಡಿಯಲ್ಲಿ ಬಂದು ಬೆಳಗ್ಗೆಯೇ ಇಳಿಯುವವರು ಬೇಗ ಕೋಣೆ ಕೊಡುವಿರಾ, ಅದಕ್ಕೆ ಬೇರೆ ದುಡ್ಡೇ ಎಂದು ಮೊದಲೇ ಕೇಳಿ ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಕೋಣೆ ಖಾಲಿ ಇಲ್ಲವೆಂದರೆ ಲಗೇಜು ಅಲ್ಲೇ ಒಪ್ಪಿಸಿ ಚೀಟಿ ತೆಗೆದುಕೊಳ್ಳಿ, ಮುಖ ತೊಳೆದು ಬಟ್ಟೆ ಬದಲಿಸುವ ಜಾಗ ಕೇಳಿ. ಇದರಲ್ಲಿ ಸಂಕೋಚ ಬೇಡ, ದಿನಾ ಕೇಳುವವರು ಇರುತ್ತಾರೆ. ಸ್ಯಾಂಪಲ್ ಚೀಲವನ್ನು ಮಾತ್ರ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಗುರುತಿನ ಚೀಟಿ ಕೇಳುತ್ತಾರೆ. ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಪ್ರತಿ, ಇಲ್ಲವೇ ಡ್ರೈವಿಂಗ್ ಲೈಸೆನ್ಸ್ ಕೊಡಿ. ಕೆಲವೆಡೆ ಠೇವಣಿಯೆಂದು ಕಾರ್ಡಿನಲ್ಲಿ ಒಂದಿಷ್ಟು ಹಣ ತಡೆಹಿಡಿಯುತ್ತಾರೆ. ಅದು ಎಷ್ಟು, ಎಂದು ಬಿಡುಗಡೆ ಎಂದು ಆಗಲೇ ಕೇಳಿ.

ಹಂತ 6: ಕೋಣೆಯೊಳಗೆ

ಬಾಗಿಲ ಪಕ್ಕದ ಗೂಡಿಗೆ ಕೀ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟು. ಕಾರ್ಡ್ ತೆಗೆದು ಹೊರಟರೆ ಎಸಿಯೂ ನಿಲ್ಲುತ್ತದೆ. ನೀವು ದಿನವಿಡೀ ಹೊರಗಿದ್ದಾಗ ಕೋಣೆ ಬೆಚ್ಚಗಾಗಿ ತೇವ ಏರುತ್ತದೆ, ಹಾಗಾಗಿ ಬಿಚ್ಚಿದ ಪಾಕೀಟನ್ನು ಎಂದೂ ಮೇಜಿನ ಮೇಲೆ ಬಿಟ್ಟು ಹೋಗಬೇಡಿ. ಬಾಲ್ಕನಿ ಬಾಗಿಲನ್ನು ಸಂಜೆಗೆ ಮೊದಲೇ ಮುಚ್ಚಿ. ಕೊಚ್ಚಿಯ ಸೊಳ್ಳೆ ಕೇರಳದವರೇ ಮಾತಾಡಿಕೊಳ್ಳುವ ಸಂಗತಿ.

ಕೋಣೆಯ ಸಣ್ಣ ಫ್ರಿಜ್ಜಿನಲ್ಲಿರುವ ಗೋಡಂಬಿ, ಪಾನೀಯಕ್ಕೆಲ್ಲ ದುಡ್ಡು. ಮೇಜಿನ ಮೇಲೆ ಇಟ್ಟ ಎರಡು ನೀರಿನ ಬಾಟಲಿ, ಚಹಾ ಪುಡಿಯ ಪೊಟ್ಟಣ ಸಾಮಾನ್ಯವಾಗಿ ಪುಕ್ಕಟೆ. ಬಾಗಿಲ ಹಿಂದೆ ಅಂಟಿಸಿದ ನಕ್ಷೆಯಲ್ಲಿ ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲು ಎಲ್ಲಿದೆ ಎಂದು ನೋಡಿ, ಒಮ್ಮೆ ಅಲ್ಲಿವರೆಗೆ ನಡೆದು ಬನ್ನಿ.

ಹಂತ 7: ಸ್ಯಾಂಪಲ್ ತೋರಿಸುವುದು

ನೀರಿನ ಕಡೆಯ ಕೋಣೆಗೆ ಹೆಚ್ಚು ದುಡ್ಡು ಕೊಟ್ಟದ್ದು ಈ ಹೊತ್ತಿಗಾಗಿ. ಮರೀನ್ ಡ್ರೈವ್ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ಆ ಕಿಟಕಿಗಳಿಂದ ಬಿಸಿಲು ಬೀಳದೆ ಬೆಳಕು ಮಾತ್ರ ತುಂಬುತ್ತದೆ. ಮೆಣಸಿನಕಾಯಿಯ ನಿಜವಾದ ಬಣ್ಣ ನೋಡಲು ಅದಕ್ಕಿಂತ ಒಳ್ಳೆಯ ಬೆಳಕು ಇಲ್ಲ. ಮಧ್ಯಾಹ್ನದ ಮೇಲೆ ಸೂರ್ಯ ನೇರ ಒಳಗೆ ಬರುತ್ತಾನೆ, ನೀರಿನ ಹೊಳಪೂ ಸೇರಿ ಕಣ್ಣು ಕೋರೈಸುತ್ತದೆ. ಆದ್ದರಿಂದ ಭೇಟಿಯನ್ನು ಬೆಳಗಿನ ಹೊತ್ತಿಗೇ ಕರೆಯಿರಿ. ಬುಧವಾರ ಕಾರ್ಖಾನೆ ಸುತ್ತಿ ಬಂದು, ಗುರುವಾರ ಬೆಳಗ್ಗೆ ಕೋಣೆಯಲ್ಲಿ ಕೂರುವ ಏರ್ಪಾಡು ಚೆನ್ನ. ರಾತ್ರಿ ಊಟದ ಮೇಜಿನಲ್ಲಿ, ಹಳದಿ ದೀಪದ ಕೆಳಗೆ ಕಾಯಿ ಬಿಚ್ಚಬೇಡಿ. ಆ ದೀಪಕ್ಕೆ ಎಲ್ಲ ಕೆಂಪೂ ಚೆನ್ನಾಗಿ ಕಾಣುತ್ತದೆ. ಮರುದಿನ ಹಗಲಿನಲ್ಲಿ ನೋಡಿದವರಿಗೆ ನೀವು ಬೇರೆ ಮಾಲು ತೋರಿಸಿದಿರಿ ಎನಿಸಬಹುದು.

ಬಿಳಿ ಕಾಗದವನ್ನೋ ಬಿಳಿ ತಟ್ಟೆಯನ್ನೋ ಹಾಸಿ, ಹಿಡಿಯಷ್ಟೇ ಸುರಿಯಿರಿ. ಕಾಯಿ ಮುರಿಯುವುದು, ಬೀಜ ಉದುರಿಸುವುದು, ಪುಡಿಯ ಪೊಟ್ಟಣ ಬಿಚ್ಚುವುದೆಲ್ಲ ಎಸಿ ನಿಲ್ಲಿಸಿದ ಮೇಲೆ. ಎಸಿ ಓಡುತ್ತಿದ್ದರೆ ಧೂಳು ಕೋಣೆಯೆಲ್ಲ ಸುತ್ತಿ ಎಲ್ಲರಿಗೂ ಕೆಮ್ಮು ಹತ್ತುತ್ತದೆ, ಹೋಟೆಲಿನವರಿಂದ ದೂರೂ ಬರುತ್ತದೆ. ಮುಗಿದ ಮೇಲೆ ಮೇಜನ್ನು ಒದ್ದೆ ಬಟ್ಟೆಯಿಂದ ನೀವೇ ಒರೆಸಿ. ಕೋಣೆ ಗುಡಿಸಲು ಬರುವ ಹೆಣ್ಣುಮಗಳ ಕಣ್ಣಿಗೆ ನಿಮ್ಮ ಮೆಣಸಿನ ಧೂಳು ಬೀಳಬಾರದು. ಬಿಚ್ಚಿದ ಪಾಕೀಟನ್ನು ಮತ್ತೆ ಮೂಲ ಲಕೋಟೆಗೆ ಸೇರಿಸದೆ ಬೇರೆಯಾಗಿಡಿ.

ನಾಲ್ಕೈದು ಜನ ಬರುವುದಾದರೆ ಹೋಟೆಲಿನ ಸಣ್ಣ ಸಭಾಕೋಣೆಯನ್ನು ಗಂಟೆಯ ಲೆಕ್ಕದಲ್ಲಿ ಕೇಳಿ. ಮಹಿಳೆಯರು ವ್ಯಾಪಾರಕ್ಕೆ ಹೋಗಿದ್ದರೆ ಕೋಣೆಗೆ ಯಾರನ್ನೂ ಕರೆಯದೆ ಇದನ್ನೇ ಬಳಸಲಿ. ಕೇಳುವಾಗ ಪಶ್ಚಿಮದ ಕಿಟಕಿ ಇರುವ ಸಭಾಕೋಣೆಯನ್ನೇ ಕೇಳಲಿ.

ಹಂತ 8: ಊಟ

ಸಸ್ಯಾಹಾರಿಗಳು ಬುಕಿಂಗ್ ಹೊತ್ತಿಗೇ ಹೇಳಿಡಿ. ಬೆಳಗಿನ ತಿಂಡಿಯ ಸಾಲಿನಲ್ಲಿ ಇಡ್ಲಿ, ಅಪ್ಪಂ, ಪುಟ್ಟು, ಕಡಲೆ ಸಾರು ಸಿಗುತ್ತವೆ, ಪಕ್ಕದಲ್ಲೇ ಮೀನೂ ಇರುತ್ತದೆ. ಊರೊಳಗೆ ನಡೆದರೆ ಉಡುಪಿ ಬಗೆಯ ಸಸ್ಯಾಹಾರಿ ಹೋಟೆಲುಗಳಿವೆ. ಲೋಟದಲ್ಲಿ ತಿಳಿಗೆಂಪು ಬಿಸಿನೀರು ತಂದಿಟ್ಟರೆ ಗಾಬರಿ ಬೇಡ. ಅದು ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು. ನಾಲ್ಕು ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲದಲ್ಲಿರಲಿ. ಖರೀದಿದಾರರಿಗೂ ಕೊಡಿ. ನಮ್ಮ ಮೆಣಸಿನಕಾಯಿಯ ರುಚಿ ಗೊತ್ತಾಗುವುದು ಚಟ್ನಿಯಲ್ಲೇ.

ಹಂತ 9: ಓಡಾಟ

ಹೈಕೋರ್ಟ್ ಬಳಿಯಿಂದ 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋ ದೋಣಿ ಹೊರಡುತ್ತದೆ. ಫೋರ್ಟ್ ಕೊಚ್ಚಿಗೆ ಟ್ಯಾಕ್ಸಿಗಿಂತ ಅದೇ ಸುಖ, ಅದೇ ಅಗ್ಗ. ಬಿಡುವಿದ್ದರೆ ಮಟ್ಟಾಂಚೇರಿಯ ಹಳೆಯ ಸಾಂಬಾರ ಗೋದಾಮುಗಳ ಬೀದಿಯಲ್ಲೊಮ್ಮೆ ನಡೆಯಿರಿ, ನಮ್ಮ ಕಸುಬಿನವರು ನೋಡಲೇಬೇಕಾದ ಜಾಗ ಅದು. ಕಾರ್ಖಾನೆಗೆ ಹೋಗುವ ದಿನ ಮಾತ್ರ ಇಡೀ ದಿನಕ್ಕೆ ಕಾರು ಗೊತ್ತುಮಾಡಿ.

ಹಂತ 10: ಬಿಲ್ಲು, ಬಿಡುಗಡೆ

ಹೊರಡುವ ಹಿಂದಿನ ರಾತ್ರಿಯೇ ಬಿಲ್ಲಿನ ಪ್ರತಿ ತರಿಸಿ ಓದಿ. ಅಂಗಡಿಯ ಹೆಸರು, ಜಿಎಸ್‌ಟಿ ನಂಬರಿನ ಪ್ರತಿ ಅಕ್ಷರ, ದಿನಗಳ ಲೆಕ್ಕ, ಫ್ರಿಜ್ಜಿನ ಸಾಮಾನು, ಬಟ್ಟೆ ಒಗೆತ ಎಲ್ಲ ನೋಡಿ. ಊಟದ ಬಿಲ್ಲಿಗೆ ಸೇವಾ ಶುಲ್ಕ ಸೇರಿಸಿದ್ದರೆ ತೆಗೆಯಲು ಹೇಳಬಹುದು. ಅದನ್ನು ತಾನಾಗಿ ಹಾಕುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಣವನ್ನು ಅಂಗಡಿಯ ಖಾತೆಯಿಂದಲೇ ಕಟ್ಟಿ. ಒಂದೇ ದಿನ ಒಬ್ಬರಿಗೇ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯವರು ಅದನ್ನು ವ್ಯಾಪಾರದ ಖರ್ಚೆಂದು ಒಪ್ಪುವುದಿಲ್ಲ.

ಕೋಣೆ ಬಿಡುವ ಮೊದಲು ಇನ್ನೊಂದು ಕೆಲಸ ಇದೆ. ಒಪ್ಪಿದ ದರ, ಲಾಟ್ ನಂಬರು, ತೇವಾಂಶದ ಮಿತಿ, ಆಸ್ಟಾ ಅಂಕಿ, ಹಣ ಬರುವ ತಾರೀಕು ಇಷ್ಟನ್ನೂ ಬರೆದು ಅಲ್ಲಿಂದಲೇ ಖರೀದಿದಾರರಿಗೆ ಇಮೇಲ್ ಮಾಡಿ. ಗುರುವಾರ ಸಂಜೆಯ ಹೊತ್ತಿಗೆ ಬ್ಯಾಡಗಿಯ ಹೊಸ ದರ ಇಬ್ಬರ ಫೋನಿಗೂ ಬಂದಿರುತ್ತದೆ. ನಿಮ್ಮ ಇಮೇಲ್ ಅದಕ್ಕಿಂತ ಮೊದಲು ಹೋಗಿರಲಿ.